ಬೈಯುತ್ತಲೇ ಪೆಟ್ಟಿಗೆ ಎತ್ತಿಕೊಟ್ಟವನು

ನ್ಯೂಯಾರ್ಕಿನ ಸಬ್‌ವೇ ಮೆಟ್ಟಿಲುಗಳ ಬುಡದಲ್ಲಿ 23 ಕೆ.ಜಿ.ಯ ಪೆಟ್ಟಿಗೆ ಹಿಡಿದುಕೊಂಡು ನಿಂತಿದ್ದೆ. ಲಿಫ್ಟ್ ಇರಲಿಲ್ಲ. ಆ ಊರಿನ 472 ನಿಲ್ದಾಣಗಳಲ್ಲಿ ಬಹುಪಾಲಿನವಕ್ಕೆ ಲಿಫ್ಟ್ ಇಲ್ಲ ಎಂಬುದು ಆಮೇಲೆ ತಿಳಿಯಿತು. ಸಂಜೆ ಆರರ ಜನಪ್ರವಾಹ, ಹೊಳೆ ಬಂಡೆಯನ್ನು ಬಳಸಿಕೊಂಡು ಹೋಗುವ ಹಾಗೆ, ನನ್ನ ಎರಡೂ ಪಕ್ಕದಲ್ಲಿ ಹರಿದುಹೋಗುತ್ತಿತ್ತು. ಅದರೊಳಗಿಂದ ಒಬ್ಬ ನಡುವಯಸ್ಸಿನ ಆಸಾಮಿ, ಕಿವಿಗೆ ಫೋನು ಒತ್ತಿಕೊಂಡವನು, ನನ್ನ ಮುಖವನ್ನೂ ನೋಡದೆ ಪೆಟ್ಟಿಗೆಯ ಒಂದು ತುದಿ ಎತ್ತಿಯೇಬಿಟ್ಟ. ಕಳ್ಳನೇ ಇರಬೇಕೆಂದು ನನ್ನ ಎದೆ ಧಸಕ್ಕೆಂದಿತು. ‘ದಾರೀಲಿ ಹೀಗೆ ಅಡ್ಡ ನಿಂತರೆ ಹೇಗ್ರೀ, ಹಿಡೀರಿ ಆ ಕಡೆ’ ಎಂಬರ್ಥದ್ದೇನನ್ನೋ ಗದರಿದ. ಇಂಥ ಹೊತ್ತಿನಲ್ಲಿ ಇಷ್ಟು ಸಾಮಾನು ಹೊತ್ತು ಬರುವವರ ಬುದ್ಧಿಯ ಬಗ್ಗೆ ಮೇಲಿನ ಮೆಟ್ಟಿಲಿನವರೆಗೂ ಗೊಣಗಿದ. ಮೇಲೆ ಬಂದದ್ದೇ ಪೆಟ್ಟಿಗೆ ಕುಕ್ಕಿ, ನನ್ನ ‘ಥ್ಯಾಂಕ್ಯೂ’ ಮುಗಿಯುವ ಮೊದಲೇ ಜನರ ನಡುವೆ ಕರಗಿಹೋದ.

ಅದಕ್ಕೆ ಎರಡು ವಾರ ಮೊದಲು ದೇಶದ ಇನ್ನೊಂದು ತುದಿಯಲ್ಲಿದ್ದೆ. ಸಿಯಾಟಲ್‌ಗೆ ಅಂಟಿಕೊಂಡಿರುವ ಬೆಲ್‌ವ್ಯೂನಲ್ಲಿ ನನ್ನ ಅಕ್ಕನ ಮಗನ ಮನೆ. ಪಕ್ಕದ ಮನೆಯಾಕೆ ದಿನಾ ಬೆಳಿಗ್ಗೆ ನಾಯಿ ಹಿಡಿದುಕೊಂಡು ಬಂದು, ನನ್ನ ಹತ್ತಿ ಸೀರೆ ಹೊಗಳಿ, ಪ್ರಯಾಣದ ಆಯಾಸ ವಿಚಾರಿಸಿ, ‘ಒಂದು ಸಲ ಕಾಫಿಗೆ ಸೇರಲೇಬೇಕು’ ಎಂದು ಹೇಳಿ ಹೋಗುವರು. ನಾಲ್ಕನೆಯ ದಿನ ನಾನು ಊರಿಂದ ಒಯ್ದಿದ್ದ ಚಕ್ಕುಲಿಯನ್ನು ಡಬ್ಬಿಗೆ ತುಂಬಿಕೊಂಡು ಚಪ್ಪಲಿ ಮೆಟ್ಟಿದೆ. ಹುಡುಗ ಬಾಗಿಲಲ್ಲೇ ತಡೆದ. ‘ಚಿಕ್ಕಮ್ಮಾ, ಇಲ್ಲಿ ಬನ್ನಿ ಅನ್ನೋದೇ ಬೇರೆ, ಭಾನುವಾರ ಹನ್ನೊಂದಕ್ಕೆ ಬನ್ನಿ ಅನ್ನೋದೇ ಬೇರೆ. ಆರು ವರ್ಷದಿಂದ ನಂಗೂ ಹೀಗೇ ಹೇಳ್ತಿದಾರೆ.’ ಚಕ್ಕುಲಿಯನ್ನು ನಾವೇ ತಿಂದೆವು.

ಸಿಯಾಟಲ್‌ನ ಈ ಗುಣಕ್ಕೆ ಅಲ್ಲಿ ಹೆಸರೇ ಇದೆ, ‘ಸಿಯಾಟಲ್ ಫ್ರೀಜ್’. 2005ರಲ್ಲಿ ‘ಸಿಯಾಟಲ್ ಟೈಮ್ಸ್’ ಪತ್ರಿಕೆಯ ಭಾನುವಾರದ ಪುರವಣಿ ಇದರ ಬಗ್ಗೆ ದೊಡ್ಡ ಲೇಖನ ಬರೆದ ಮೇಲೆ ಹೆಸರು ಊರಿಗೆ ಗಟ್ಟಿಯಾಗಿ ಅಂಟಿಕೊಂಡಿತು. ನಗು ಬೆಚ್ಚಗೆ, ಬಾಗಿಲು ಮಾತ್ರ ಹೆಪ್ಪುಗಟ್ಟಿದ್ದು. ಅಮೆರಿಕನ್ನರು ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತೊಂದಿದೆ: ಪೂರ್ವ ಕರಾವಳಿಯವರು ಒಳ್ಳೆಯವರು, ನಯ ಇಲ್ಲ, ಪಶ್ಚಿಮದವರಿಗೆ ನಯ ಇದೆ, ಅಷ್ಟೇ. ಬಾಯಿ ಒರಟು ಮನಸ್ಸು ಬೆಣ್ಣೆ ಎಂದು ನಾವು ಒಬ್ಬೊಬ್ಬ ಮಾವನ ಬಗ್ಗೆ ಹೇಳುವುದನ್ನು ಅವರು ಇಡೀ ಊರುಗಳ ಬಗ್ಗೆ ಹೇಳಿಕೊಳ್ಳುತ್ತಾರೆ. ಇದನ್ನು ಕೇಳಿದಾಗ ನನಗೆ ಮೊದಲು ಅನುಮಾನವೇ ಬಂತು. ಧಾರವಾಡದವರು ಹೀಗೆ, ಮೈಸೂರಿನವರು ಹಾಗೆ ಎಂದು ಮದುವೆ ಪಂಕ್ತಿಯಲ್ಲಿ ಹೇಳುವ ಮಾತಿಗೆ ಇರುವಷ್ಟೇ ತೂಕ ಇದಕ್ಕೂ ಎಂದುಕೊಂಡೆ. ಆದರೆ ಅಮೆರಿಕದಲ್ಲಿ ಇಂಥದ್ದನ್ನೂ ಅಳೆಯದೆ ಬಿಟ್ಟಿಲ್ಲ.

ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ಪಾಠ ಹೇಳುತ್ತಿದ್ದ ಮನಶ್ಶಾಸ್ತ್ರಜ್ಞ ರಾಬರ್ಟ್ ಲೆವಿನ್ 1990ರ ದಶಕದಲ್ಲಿ 36 ನಗರಗಳಿಗೆ ಈ ಕೆಲಸಕ್ಕಾಗಿಯೇ ಜನರನ್ನು ಕಳಿಸಿದರು. ಅವರು ರಸ್ತೆಯಲ್ಲಿ ಪೆನ್ನು ಬೀಳಿಸಿ, ಗೊತ್ತಾಗದವರಂತೆ ಮುಂದೆ ನಡೆದರು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಂಟುತ್ತ ಪತ್ರಿಕೆಗಳನ್ನು ಚೆಲ್ಲಿದರು. ಕಪ್ಪು ಕನ್ನಡಕ, ಬಿಳಿ ಕೋಲು ಹಿಡಿದು ಸಿಗ್ನಲ್‌ನಲ್ಲಿ ನಿಂತರು. ಚಿಲ್ಲರೆ ಕೇಳಿದರು. ಸ್ಟಾಂಪು ಹಚ್ಚಿದ, ವಿಳಾಸ ಬರೆದ ಕಾಗದಗಳನ್ನು ಯಾರೋ ಕಳೆದುಕೊಂಡಂತೆ ಬಿಟ್ಟುಬಂದರು. ಲೆಕ್ಕ ಹಾಕಿದಾಗ ನೆರವಿನಲ್ಲಿ ಮೊದಲು ಬಂದದ್ದು ರೋಚೆಸ್ಟರ್. ಕಟ್ಟಕಡೆಯದು ನ್ಯೂಯಾರ್ಕ್. ಎರಡೂ ಒಂದೇ ರಾಜ್ಯದ ಊರುಗಳು! ಅದಕ್ಕೂ ಮೊದಲೇ ಲೆವಿನ್ ಊರುಗಳ ವೇಗ ಅಳೆದಿದ್ದರು. ಜನ ಎಷ್ಟು ಬಿರುಸಾಗಿ ನಡೆಯುತ್ತಾರೆ, ಬ್ಯಾಂಕಿನ ಗುಮಾಸ್ತ ಚಿಲ್ಲರೆ ಕೊಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ, ಅಂಚೆ ಕಚೇರಿಯವನು ಎಷ್ಟು ಬೇಗ ಮಾತಾಡುತ್ತಾನೆ, ಎಷ್ಟು ಮಂದಿಯ ಕೈಯಲ್ಲಿ ವಾಚಿದೆ. ಅದರಲ್ಲಿ ಬಾಸ್ಟನ್ ಮೊದಲು, ಆಮೇಲೆ ಬಫಲೊ, ಮೂರನೆಯದು ನ್ಯೂಯಾರ್ಕ್. ಲಾಸ್ ಏಂಜಲಿಸ್ ಎಲ್ಲಕ್ಕಿಂತ ಹಿಂದೆ. ಆತುರದಲ್ಲಿರುವವರಿಗೆ ನೆರವಾಗಲು ಪುರಸೊತ್ತಿಲ್ಲ ಎಂದು ಮುಗಿಸಬಹುದಿತ್ತು. ಆದರೆ ಕ್ಯಾಲಿಫೋರ್ನಿಯಾದ ಊರುಗಳು ನಿಧಾನವಾಗಿದ್ದೂ ನೆರವಿನಲ್ಲಿ ಹಿಂದೆ ಬಿದ್ದಿದ್ದವು. ಲೆವಿನ್‌ರಿಗೆ ಕೊನೆಗೆ ಹೆಚ್ಚು ಹೊಂದಿ ಬಂದ ಕಾರಣ ಜನದಟ್ಟಣೆ.

ಹಾಗಾದರೆ ನನ್ನ ಪೆಟ್ಟಿಗೆ ಎತ್ತಿದವನು ಯಾವ ಲೆಕ್ಕಕ್ಕೆ? ಇದಕ್ಕೆ ಉತ್ತರದಂಥದ್ದು ಲೆವಿನ್ ಹೇಳಿದ ಒಂದು ಪ್ರಸಂಗದಲ್ಲೇ ಇದೆ. ನ್ಯೂಯಾರ್ಕಿನಲ್ಲಿ ಬಿಟ್ಟುಬಂದ ಕಾಗದಗಳಲ್ಲಿ ಒಂದು ಅಂಚೆಯಲ್ಲಿ ಮರಳಿ ಬಂತಂತೆ. ಲಕೋಟೆಯ ಅಂಚು ಹರಿದಿತ್ತು. ಹಿಂಬದಿಯಲ್ಲಿ ಸ್ಪ್ಯಾನಿಷ್‌ನಲ್ಲಿ ಒಂದು ಕೆಟ್ಟ ಬೈಗುಳ, ಬೇಜವಾಬ್ದಾರಿ ಮನುಷ್ಯ ಎಂಬ ಸೇರ್ಪಡೆ, ಅದು ಸಾಲದೆಂದು ಕೆಳಗೆ ಇಂಗ್ಲಿಷಿನಲ್ಲಿ ಇನ್ನೊಂದು ಬೈಗುಳ. ಯಾರೋ ಒಬ್ಬರು ಆ ಕಾಗದ ಎತ್ತಿಕೊಂಡು, ಪೆನ್ನು ಹುಡುಕಿ, ಕಳೆದವನ ವಂಶ ಜಾಲಾಡಿ, ಅಂಚೆಪೆಟ್ಟಿಗೆ ಹುಡುಕಿಕೊಂಡು ಹೋಗಿ ಹಾಕಿದ್ದಾರೆ. ಲೆಕ್ಕದ ಪಟ್ಟಿಯಲ್ಲಿ ಅದು ‘ನೆರವು’ ಎಂಬ ಒಂದು ಗೀಟು ಅಷ್ಟೇ. ಬೈಗುಳಕ್ಕೆ ಅಲ್ಲಿ ಬೇರೆ ಅಂಕಣ ಇರಲಾರದು. ನನ್ನ ಕುತೂಹಲ ಇರುವುದು ಆ ಅಂಕಣದಲ್ಲೇ. ಮಾತಿನ ನಯ ಮತ್ತು ಕೈಯ ನೆರವು ಇವೆರಡೂ ಜೊತೆಯಲ್ಲೇ ಇರಬೇಕೆಂದು ನಾವು ಅಂದುಕೊಂಡಿರುತ್ತೇವೆ. ಅಮೆರಿಕದ ಊರುಗಳು ಅವೆರಡನ್ನೂ ಬೇರೆಬೇರೆ ಬೆರಕೆಯಲ್ಲಿ ಕಲಸಿಕೊಂಡಿವೆ.

ದೊಡ್ಡ ನಗರ ಮನುಷ್ಯನನ್ನು ಒರಟಾಗಿಸುತ್ತದೆ ಎಂಬ ಮಾತು ಹಳೆಯದು. ಜರ್ಮನಿಯ ಸಮಾಜಶಾಸ್ತ್ರಜ್ಞ ಗೆಯೋರ್ಗ್ ಸಿಮ್ಮೆಲ್ 1903ರಲ್ಲೇ ಬರ್ಲಿನ್ ನೋಡಿಕೊಂಡು ಅದನ್ನು ಬರೆದಿದ್ದರು. 1970ರಲ್ಲಿ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ನ್ಯೂಯಾರ್ಕ್ ಮುಂದಿಟ್ಟುಕೊಂಡು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ದಿನಕ್ಕೆ ಸಾವಿರಾರು ಮುಖಗಳು ಕಣ್ಣಿಗೆ ಬೀಳುವಲ್ಲಿ ಪ್ರತಿಯೊಂದಕ್ಕೂ ಸ್ಪಂದಿಸುತ್ತ ಹೋದರೆ ಆಳು ಮಧ್ಯಾಹ್ನದೊಳಗೆ ಸುಸ್ತಾಗುತ್ತಾನೆ, ಆದ್ದರಿಂದ ಸೋಸಿಕೊಳ್ಳುತ್ತಾನೆ. ಆದರೆ ನ್ಯೂಯಾರ್ಕಿನವರ ಕಲ್ಲುಮನಸ್ಸಿಗೆ ಸಾಕ್ಷಿಯೆಂದು ಜಗತ್ತೆಲ್ಲ ಹೇಳಿದ ಕಿಟ್ಟಿ ಜೆನೊವೀಸ್ ಕಥೆ ಪೂರ್ತಿ ನಿಜವಲ್ಲ. 1964ರಲ್ಲಿ ಕ್ವೀನ್ಸ್‌ನಲ್ಲಿ ಆ ತರುಣಿಯ ಕೊಲೆಯಾದಾಗ 38 ಮಂದಿ ನೋಡುತ್ತ ಕೂತಿದ್ದರೆಂದು ‘ನ್ಯೂಯಾರ್ಕ್ ಟೈಮ್ಸ್’ ಬರೆದಿತ್ತು. ಅಷ್ಟು ಮಂದಿ ಎಲ್ಲವನ್ನೂ ನೋಡಿರಲಿಲ್ಲ. ನೆರೆಮನೆಯ ಹೆಂಗಸೊಬ್ಬಳು ಓಡಿಬಂದು, ಸಾಯುತ್ತಿದ್ದವಳನ್ನು ತೋಳಲ್ಲಿ ಹಿಡಿದು ಕೂತಿದ್ದಳು. ವರದಿಯಲ್ಲಿದ್ದ ತಪ್ಪನ್ನು ಪತ್ರಿಕೆ 2016ರಲ್ಲಿ ಒಪ್ಪಿಕೊಂಡಿತು. ಪಠ್ಯಪುಸ್ತಕಗಳು ಮಾತ್ರ 38ನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ.

ಜನಸಂದಣಿಗಿಂತ ನನಗೆ ಹೆಚ್ಚು ರುಚಿಸಿದ್ದು ಒಂದು ಊಟದ ಕಥೆ. 1978ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದಂದು ಕ್ಯಾಲಿಫೋರ್ನಿಯಾದಲ್ಲಿ ಆರು ಮಂದಿ ಸ್ನೇಹಿತರು ಊಟಕ್ಕೆ ಸೇರಿದರು. ಮೂವರು ನ್ಯೂಯಾರ್ಕಿನಲ್ಲಿ ಬೆಳೆದವರು, ಇಬ್ಬರು ಕ್ಯಾಲಿಫೋರ್ನಿಯಾದವರು, ಒಬ್ಬಾಕೆ ಇಂಗ್ಲೆಂಡಿನವಳು. ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಭಾಷಾಶಾಸ್ತ್ರಜ್ಞೆ ಡೆಬೊರಾ ಟ್ಯಾನನ್ ಆ ಮೂವರಲ್ಲಿ ಒಬ್ಬರು. ಅವರು ಇಡೀ ಊಟದ ಮಾತನ್ನು ಟೇಪ್ ಮಾಡಿಕೊಂಡು, ಆಮೇಲೆ ಉಸಿರು ಉಸಿರನ್ನೂ ಬರೆದಿಟ್ಟು, ಅದರಿಂದಲೇ ಒಂದು ಪುಸ್ತಕ ಮಾಡಿದರು. ನ್ಯೂಯಾರ್ಕಿನವರು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಹಾಕುತ್ತಾರೆ, ಕಥೆ ಹೇಳುವವನನ್ನು ಪ್ರಶ್ನೆಗಳಿಂದ ಹೊಡೆಯುತ್ತಾರೆ, ‘ಹೌದಾ! ಆಮೇಲೆ?’ ಎಂದು ಅರ್ಧದಲ್ಲೇ ಕೂಗುತ್ತಾರೆ. ಅವರ ಪ್ರಕಾರ ಅದು ಕೇಳಿಸಿಕೊಳ್ಳುವ ರೀತಿ. ಸುಮ್ಮನೆ ಕೂತರೆ ಮನಸ್ಸಿಲ್ಲ ಎಂದರ್ಥ. ಕ್ಯಾಲಿಫೋರ್ನಿಯಾದವರು ಎದುರಿನವನು ಮುಗಿಸಲಿ ಎಂದು ಕಾದರು. ಮುಗಿದದ್ದಕ್ಕೆ ಗುರುತಾಗಿ ಅವರಿಗೆ ಬೇಕಾಗಿದ್ದ ಆ ಒಂದು ಕ್ಷಣದ ಮೌನ ನ್ಯೂಯಾರ್ಕಿನವರ ನಡುವೆ ಬರಲೇ ಇಲ್ಲ. ಕ್ಯಾಲಿಫೋರ್ನಿಯಾದವರಿಗೆ ತಮ್ಮ ಬಾಯಿ ಕಟ್ಟಿಹಾಕಿದಂತೆ ಅನ್ನಿಸಿತು. ನ್ಯೂಯಾರ್ಕಿನವರಿಗೆ ಆ ಊಟ ಸೊಗಸಾಗಿತ್ತು.

ಇದನ್ನು ಓದುವಾಗ ನನಗೆ ನಮ್ಮ ದೊಡ್ಡಮ್ಮನ ಮನೆಯ ನಡುಮನೆ ಕಣ್ಣಿಗೆ ಕಟ್ಟಿತು. ಅಲ್ಲಿ ಐದು ಮಂದಿ ಒಟ್ಟಿಗೆ ಮಾತಾಡುವಾಗ ಆರನೆಯವಳು ಸುಮ್ಮನಿದ್ದರೆ, ‘ಯಾಕೆ, ಮೈಯಲ್ಲಿ ಹುಷಾರಿಲ್ವಾ’ ಎಂದು ಕೇಳುತ್ತಿದ್ದರು. ಅಂಥ ಮನೆಯಿಂದ ಹೋದ ಹುಡುಗ ಸಿಯಾಟಲ್‌ನ ಆಫೀಸ್ ಮೀಟಿಂಗಿನಲ್ಲಿ ಅಧಿಕಪ್ರಸಂಗಿ ಅನ್ನಿಸಿಕೊಂಡ. ಅವನ ಗೆಳೆಯ, ಅದೇ ಕಾಲೇಜಿನಿಂದ ನ್ಯೂಜೆರ್ಸಿಗೆ ಹೋದವನು, ಮೊದಲ ತಿಂಗಳಲ್ಲೇ ಹೊಂದಿಕೊಂಡ.

ಮಾತಿಗೆ ನುಗ್ಗುವವರ ದೇಶದಲ್ಲೇ ಮಾತು ನುಂಗುವವರ ರಾಜ್ಯವೂ ಇದೆ. ನಾರ್ವೆ, ಸ್ವೀಡನ್, ಜರ್ಮನಿಗಳಿಂದ ಬಂದ ಬೇಸಾಯಗಾರರು ನೆಲೆಸಿದ ಮಿನೆಸೊಟದ ನಯಕ್ಕೆ ‘ಮಿನೆಸೊಟ ನೈಸ್’ ಎಂದೇ ಹೆಸರು. ಹೊವರ್ಡ್ ಮೋರ್ ಎಂಬ ಹಾಸ್ಯಲೇಖಕ 1987ರಲ್ಲಿ, ಪರಭಾಷೆ ಕಲಿಸುವ ಕೈಪಿಡಿಯ ಧಾಟಿಯಲ್ಲಿ, ಮಿನೆಸೊಟದವರಂತೆ ಮಾತಾಡುವುದು ಹೇಗೆಂದು ಪುಸ್ತಕವನ್ನೇ ಬರೆದರು. ಕಾಫಿ ಬೇಕೇ ಎಂದು ಕೇಳಿದರೆ ಮೊದಲ ಸಲ ಬೇಡ ಅನ್ನಬೇಕು. ಎರಡನೆಯ ಸಲವೂ ಬೇಡ. ಮೂರನೆಯ ಸಲ, ನಿಮಗೆ ತೊಂದರೆ ಇಲ್ಲದಿದ್ದರೆ, ಅರ್ಧ ಲೋಟ. ನಮ್ಮ ಕಡೆಯ ಬೀಗರ ಉಪಚಾರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಟ್ಟೆಯಲ್ಲಿ ಉಳಿದ ಕೊನೆಯ ಕೇಕಿನ ತುಂಡನ್ನು ಯಾರೂ ಮುಟ್ಟುವುದಿಲ್ಲ. ಒಬ್ಬರು ಬಂದು ಅದರಲ್ಲಿ ಅರ್ಧ ಕತ್ತರಿಸಿಕೊಳ್ಳುತ್ತಾರೆ, ಇನ್ನೊಬ್ಬರು ಉಳಿದದ್ದರಲ್ಲಿ ಅರ್ಧ, ಕೊನೆಗೆ ಉಗುರಿನಷ್ಟು ಚೂರು ಒಣಗುತ್ತ ಕೂತಿರುತ್ತದೆ. ಅಡುಗೆ ಕೆಟ್ಟಿದ್ದರೆ ಕೆಟ್ಟಿದೆ ಎನ್ನುವಂತಿಲ್ಲ, ‘ಬೇರೆ ಥರ ಇದೆ’ ಎಂದರೆ ಸಾಕು, ಅಡುಗೆಯವಳಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಹೊರಡುವವರು ಕುರ್ಚಿಯಿಂದ ಏಳುವಾಗ ಒಮ್ಮೆ, ಬಾಗಿಲಲ್ಲಿ ಒಮ್ಮೆ, ಕಾರಿನ ಕಿಟಕಿ ಇಳಿಸಿ ಇನ್ನೊಮ್ಮೆ ವಿದಾಯ ಹೇಳುತ್ತಾರೆ. ಇಷ್ಟೆಲ್ಲ ನಯದ ಮಿನಿಯಾಪೊಲಿಸ್‌ನಲ್ಲೇ 2020ರ ಮೇ 25ರಂದು ಪೊಲೀಸನೊಬ್ಬ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮಂಡಿಯೂರಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯನ ಕತ್ತು ಒತ್ತಿ ಸಾಯಿಸಿದ್ದು. ಜಗಳವಾಡದ ಊರು ತನ್ನೊಳಗಿನ ಬಿರುಕಿನ ಬಗ್ಗೆಯೂ ಮಾತಾಡದೆ ಬಹಳ ಕಾಲ ಕಳೆದಿತ್ತು ಎಂದು ಆಮೇಲೆ ಅಲ್ಲಿಯವರೇ ಹೇಳಿಕೊಂಡರು.

ದಕ್ಷಿಣದ ನಯ ಇನ್ನೊಂದು ಬಗೆಯದು. ಅಟ್ಲಾಂಟದಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ ಗುರುತಿಲ್ಲದವರೂ ನಿಂತು ಮಾತಾಡಿಸುತ್ತಾರೆ. ಮಕ್ಕಳು ದೊಡ್ಡವರಿಗೆ ‘ಸರ್’, ‘ಮ್ಯಾಮ್’ ಸೇರಿಸದೆ ಉತ್ತರ ಕೊಡುವುದಿಲ್ಲ. ‘ಬ್ಲೆಸ್ ಯುವರ್ ಹಾರ್ಟ್’ ಎಂಬ ಅವರ ಹರಕೆಯನ್ನು ನಾನು ಮೊದಲು ಹರಕೆಯೆಂದೇ ತಿಳಿದಿದ್ದೆ. ನಾವು ‘ಪಾಪ, ಅವಳಿಗೇನು ಗೊತ್ತಾಗುತ್ತೆ’ ಎನ್ನುವಾಗಿನ ‘ಪಾಪ’ ಅದರಲ್ಲಿ ಅಡಗಿದೆಯೆಂದು ತಿಳಿದದ್ದು ನಿಧಾನಕ್ಕೆ.

ಈ ಸೌಜನ್ಯದ ಬುಡದಲ್ಲಿ ಏನಿದೆ ಎಂದು ರಿಚರ್ಡ್ ನಿಸ್ಬೆಟ್ ಮತ್ತು ಡವ್ ಕೋಹೆನ್ ಎಂಬ ಮನಶ್ಶಾಸ್ತ್ರಜ್ಞರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕೆದಕಿ ನೋಡಿದರು. ಫಲಿತಾಂಶ ಹೊರಬಂದದ್ದು 1996ರಲ್ಲಿ. ವಿದ್ಯಾರ್ಥಿಯೊಬ್ಬ ಇಕ್ಕಟ್ಟಾದ ಓಣಿಯಲ್ಲಿ ನಡೆದು ಬರುವಾಗ ಎದುರಿನಿಂದ ಬಂದವನು ಭುಜ ತಾಕಿಸಿ, ಒಂದು ಕೊಳಕು ಮಾತು ಉಸುರಿ ಹೋಗುತ್ತಾನೆ. ಉತ್ತರದ ಹುಡುಗರಲ್ಲಿ ಹೆಚ್ಚಿನವರಿಗೆ ನಗು ಬಂತು. ದಕ್ಷಿಣದಿಂದ ಬಂದವರ ಎಂಜಲು ಪರೀಕ್ಷಿಸಿದರೆ ಅದರಲ್ಲಿ ಕಾರ್ಟಿಸಾಲ್, ಟೆಸ್ಟೊಸ್ಟಿರೋನ್ ಏರಿದ್ದವು. ನನಗೆ ಹೆಚ್ಚು ಕುತೂಹಲಕರ ಅನ್ನಿಸಿದ್ದು ಮುಂದಿನ ಹೆಜ್ಜೆ. ಅದೇ ಓಣಿಯಲ್ಲಿ ಒಬ್ಬ ಧಡೂತಿ ಆಳು ಎದುರು ನಡೆದು ಬರುತ್ತಾನೆ, ಪಕ್ಕಕ್ಕೆ ಸರಿಯುವುದಿಲ್ಲ. ಇವರು ಎಷ್ಟು ದೂರದಲ್ಲೇ ದಾರಿ ಬಿಡುತ್ತಾರೆ? ಉತ್ತರದವರು ಬೈಸಿಕೊಂಡಿರಲಿ ಬಿಡಲಿ, ಸುಮಾರು 6 ಅಡಿ. ಬೈಸಿಕೊಳ್ಳದ ದಕ್ಷಿಣದವರು 9 ಅಡಿ ದೂರದಲ್ಲೇ ಸರಿದು ನಿಂತರು, ಎಲ್ಲರಿಗಿಂತ ಸಭ್ಯರು. ಬೈಸಿಕೊಂಡವರು 3 ಅಡಿ ಹತ್ತಿರ ಬರುವವರೆಗೂ ಜಗ್ಗಲಿಲ್ಲ. ಸ್ಕಾಟ್‌ಲೆಂಡ್, ಐರ್ಲೆಂಡಿನ ಗಡಿನಾಡುಗಳಿಂದ ಬಂದ ದನಗಾಹಿಗಳ ಪಳೆಯುಳಿಕೆ ಇದು ಎನ್ನುತ್ತಾರೆ ಈ ಇಬ್ಬರು. ಠಾಣೆ-ಕಚೇರಿ ಇಲ್ಲದ ಸೀಮೆಯಲ್ಲಿ ಮಂದೆ ಉಳಿಯಬೇಕಾದರೆ ‘ಅವನ ತಂಟೆಗೆ ಹೋಗಬೇಡ’ ಎಂಬ ಹೆಸರು ಬೇಕು. ಎಲ್ಲರೂ ಹಾಗಿದ್ದ ಮೇಲೆ ಒಬ್ಬರನ್ನೊಬ್ಬರು ಮೆತ್ತಗೆ ಮಾತಾಡಿಸುವುದೇ ಕ್ಷೇಮ. ಈ ದನಗಾಹಿ ವಿವರಣೆಯನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ. ಆದರೂ ಆ 9 ಮತ್ತು 3 ಅಡಿಗಳು ನನ್ನ ತಲೆಯಿಂದ ಹೋಗಿಲ್ಲ.

ಅದೂ ಬಿಳಿಯರ ಕಥೆ ಮಾತ್ರ. ಆ ಮರ್ಯಾದೆಯ ಇನ್ನೊಂದು ತುದಿಯಲ್ಲಿ ಕರಿಯರಿದ್ದರು. ಅವರು ಬಿಳಿಯರಿಗೆ ಕಾಲುದಾರಿ ಬಿಟ್ಟು ಇಳಿಯಬೇಕಿತ್ತು. ಎಪ್ಪತ್ತರ ಮುದುಕನೂ ‘ಬಾಯ್’ ಅನ್ನಿಸಿಕೊಳ್ಳುತ್ತಿದ್ದ. ಯಾರಿಗೆ ಬಹುವಚನ, ಯಾರಿಗೆ ಏಕವಚನ ಎಂದು ಊರೂರಲ್ಲೂ ಕಂಡಿರುವ ನಮಗೆ ಇದರ ಉರಿ ಬೇಗ ಅರ್ಥವಾಗುತ್ತದೆ. 1963ರಲ್ಲಿ ಅಲಬಾಮದ ಗ್ಯಾಡ್ಸ್‌ಡನ್‌ನ ಕೋರ್ಟಿನಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ್ತಿ ಮೇರಿ ಹ್ಯಾಮಿಲ್ಟನ್‌ಳನ್ನು ಸರ್ಕಾರಿ ವಕೀಲ ‘ಮೇರಿ’ ಎಂದು ಕರೆದು ಪ್ರಶ್ನೆ ಕೇಳಿದ. ಬಿಳಿ ಸಾಕ್ಷಿಗಳಿಗೆಲ್ಲ ‘ಮಿಸ್’, ‘ಮಿಸ್ಟರ್’ ಇರುತ್ತಿತ್ತು. ‘ಮಿಸ್ ಹ್ಯಾಮಿಲ್ಟನ್’ ಎಂದು ಕರೆಯುವ ತನಕ ಬಾಯಿ ಬಿಡುವುದಿಲ್ಲ ಎಂದಳಾಕೆ. ನ್ಯಾಯಾಧೀಶ ನ್ಯಾಯಾಂಗ ನಿಂದನೆಯೆಂದು ಐದು ದಿನ ಜೈಲು, 50 ಡಾಲರ್ ದಂಡ ವಿಧಿಸಿದ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1964ರಲ್ಲಿ ಆಕೆಯ ಪರ ತೀರ್ಪಾಯಿತು. ದಕ್ಷಿಣದ ಸೌಜನ್ಯವನ್ನು ಯಾರಾದರೂ ಬಾಯ್ತುಂಬ ಹೊಗಳಿದಾಗ ಈ ಎರಡಕ್ಷರದ ‘ಮಿಸ್’ ನನಗೆ ನೆನಪಾಗುತ್ತದೆ.

ಅಂಥ ಊರುಗಳನ್ನು ಬಿಟ್ಟು, ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದ 1970ರವರೆಗೆ ಸುಮಾರು 60 ಲಕ್ಷ ಕರಿಯರು ಉತ್ತರಕ್ಕೂ ಪಶ್ಚಿಮಕ್ಕೂ ಹೊರಟರು. ಶಿಕಾಗೊದ ದಕ್ಷಿಣ ಭಾಗದ ಬೀದಿಗಳಲ್ಲಿ ಇಂದಿಗೂ ಮೆಟ್ಟಿಲ ಮೇಲೆ ಕೂತ ಅಜ್ಜಿ ಹಾದುಹೋಗುವವರನ್ನು ಮಾತಾಡಿಸುತ್ತಾಳೆ. ಮಾತಾಡಿಸದೆ ಹೋದರೆ ನಿಮ್ಮನ್ನು ಬೆಳೆಸಿದವರ ಬಗ್ಗೆ ಅವಳಿಗೆ ಕೆಟ್ಟ ಅಭಿಪ್ರಾಯ ಬರುತ್ತದೆ. ಆ ಅಭ್ಯಾಸ ಮಿಸಿಸಿಪಿಯಿಂದ ರೈಲಿನಲ್ಲಿ ಬಂದದ್ದು.

ಶಿಕಾಗೊ ಎಂದಾಗ ಹಿಮದ ಮಾತು ಬರಲೇಬೇಕು. ಭಾರಿ ಹಿಮ ಬಿದ್ದ ದಿನ ನೀವು ಎರಡು ತಾಸು ಸಲಿಕೆ ಹಿಡಿದು ಮನೆ ಮುಂದೆ ಕಾರು ನಿಲ್ಲಿಸುವಷ್ಟು ಜಾಗ ತೆರವು ಮಾಡುತ್ತೀರಿ. ರಸ್ತೆ ಸರ್ಕಾರದ್ದು, ಯಾರು ಬೇಕಾದರೂ ನಿಲ್ಲಿಸಬಹುದು. ಆದರೆ ಅಲ್ಲೊಂದು ಮುರುಕು ಕುರ್ಚಿ ಇಟ್ಟು ಹೋದರೆ ಜಾಗ ನಿಮ್ಮದು. ಇದಕ್ಕೆ ಶಿಕಾಗೊದಲ್ಲಿ ‘ಡಿಬ್ಸ್’ ಎಂದು ಹೆಸರು. ಕುರ್ಚಿಯಷ್ಟೇ ಅಲ್ಲ, ಇಸ್ತ್ರಿ ಹಲಗೆ, ಮುರಿದ ಆಟಿಕೆ, ಸಂತರ ವಿಗ್ರಹಗಳನ್ನೂ ಇಡುತ್ತಾರೆ. ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲ, ಆದರೆ ಕುರ್ಚಿ ಸರಿಸಿ ಕಾರು ನಿಲ್ಲಿಸಿದವನ ಟೈರಿಗೆ ಯಾರೂ ಜವಾಬ್ದಾರರಲ್ಲ. ಬಾಸ್ಟನ್ನಿನ ನಗರಾಡಳಿತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಿಮದ ತುರ್ತುಸ್ಥಿತಿ ಮುಗಿದ ಮೇಲೆ 48 ತಾಸು ಈ ಹಕ್ಕನ್ನು ಮನ್ನಿಸುತ್ತದೆ. ಪಿಟ್ಸ್‌ಬರ್ಗ್‌ನಲ್ಲಿ ಕುರ್ಚಿ ಇಡಲು ಹಿಮವೂ ಬೇಕಿಲ್ಲ. ಅದೇ ಊರಿನಲ್ಲಿ ಸಿಗ್ನಲ್ ಹಸಿರಾದೊಡನೆ ಎಡಕ್ಕೆ ತಿರುಗುವ ಎದುರಿನ ಮೊದಲ ಕಾರಿಗೆ ನೇರ ಹೋಗುವವರು ದಾರಿ ಬಿಡುತ್ತಾರೆ. ಹೊರಗಿನಿಂದ ಬಂದವನು ಬಿಡದಿದ್ದರೆ ಊರೆಲ್ಲ ಅವನನ್ನೇ ದಿಟ್ಟಿಸುತ್ತದೆ. ಸಿಯಾಟಲ್‌ನಲ್ಲಿ ನಾನು ಕಂಡದ್ದು ಇದರ ತಲೆಕೆಳಗು. ನಾಲ್ಕು ರಸ್ತೆ ಕೂಡುವಲ್ಲಿ ನಾಲ್ಕು ಕಾರು ನಿಂತು, ‘ನೀವು ಹೋಗಿ’, ‘ಛೆ ಛೆ, ನೀವೇ ಹೋಗಿ’ ಎಂದು ಕೈ ಬೀಸುತ್ತ ಯಾರೂ ಹೋಗುವುದಿಲ್ಲ. ನಡುರಾತ್ರಿ ಖಾಲಿ ರಸ್ತೆಯ ಕೆಂಪು ದೀಪಕ್ಕೂ ಪಾದಚಾರಿಗಳು ನಿಲ್ಲುತ್ತಾರೆ. ನ್ಯೂಯಾರ್ಕಿನಲ್ಲಿ ಹಾಗೆ ನಿಂತವನು ಪ್ರವಾಸಿಯೇ ಇರಬೇಕು. ಎಲ್ಲೆಂದರಲ್ಲಿ ರಸ್ತೆ ದಾಟುವುದು ಅಲ್ಲಿ ಹೇಗೂ ನಡೆದೇ ಇತ್ತು. 2024ರಲ್ಲಿ ನಗರಸಭೆ ಅದನ್ನು ಕಾನೂನುಬದ್ಧವೇ ಮಾಡಿಬಿಟ್ಟಿತು.

ಇಡೀ ದೇಶಕ್ಕೆ ಇಂಥ ನಕ್ಷೆ ಬರೆದವರೂ ಇದ್ದಾರೆ. ಮನಶ್ಶಾಸ್ತ್ರಜ್ಞ ಪೀಟರ್ ರೆಂಟ್‌ಫ್ರೋ ಮತ್ತು ಸಂಗಡಿಗರು ಹತ್ತು ಲಕ್ಷಕ್ಕೂ ಹೆಚ್ಚು ಜನರ ಉತ್ತರ ಒಟ್ಟುಮಾಡಿ, 2013ರಲ್ಲಿ ಅಮೆರಿಕವನ್ನು ಸ್ವಭಾವದ ಮೂರು ಸೀಮೆಗಳಾಗಿ ಹಂಚಿದರು. ನಡುನಾಡು ಮತ್ತು ದಕ್ಷಿಣ ಸ್ನೇಹದ, ಸಂಪ್ರದಾಯದ ಸೀಮೆ. ಪಶ್ಚಿಮ ನಿರಾಳ ಮನಸ್ಸಿನ, ಹೊಸತನದ ಸೀಮೆ. ಈಶಾನ್ಯ ಸಿಡುಕಿನ, ಮುಚ್ಚುಮರೆಯಿಲ್ಲದ ಸೀಮೆ. ನಕ್ಷೆ ಚೆನ್ನಾಗಿದೆ, ಬಣ್ಣ ಹಚ್ಚಿ ಗೋಡೆಗೆ ತೂಗುಹಾಕಬಹುದು. ಆದರೆ ಅಮೆರಿಕದಲ್ಲಿ ಜನ ಒಂದೇ ಕಡೆ ಇರುವುದಿಲ್ಲ. ಸಿಯಾಟಲ್ ತಣ್ಣಗಿದೆ ಎಂದು ದೂರುವವರಲ್ಲಿ ಹೆಚ್ಚಿನವರು ಬೋಯಿಂಗ್, ಮೈಕ್ರೋಸಾಫ್ಟ್, ಅಮೆಜಾನ್ ಕೆಲಸಕ್ಕೆಂದು ಬೇರೆ ಕಡೆಯಿಂದ ಬಂದವರು. ಅವರು ದೂರುವುದು ತಮ್ಮಂತೆಯೇ ಬಂದ ಇನ್ನೊಬ್ಬರನ್ನು. ಹಾಗಾದರೆ ಗುಣ ಇರುವುದು ಜನರಲ್ಲೋ ಊರಿನಲ್ಲೋ? ಊರಿನಲ್ಲೇ ಎಂದು ನನಗೆ ಅನ್ನಿಸುವುದು ನಮ್ಮವರನ್ನು ನೋಡಿ. ನ್ಯೂಜೆರ್ಸಿಯ ಕನ್ನಡದ ಗೆಳತಿ ಫೋನು ಕೂಡ ಮಾಡದೆ ಬಾಗಿಲು ತಟ್ಟುತ್ತಾಳೆ, ಸೊರಗಿದ್ದೀಯ ಎಂದು ಬೈಯುತ್ತಾಳೆ, ನಾಲ್ಕು ದಿನದ ಸಾರಿನಪುಡಿ ಕೊಟ್ಟು ಹೋಗುತ್ತಾಳೆ. ಅವಳದೇ ಬೀದಿಯಲ್ಲಿ, ಬೆಂಗಳೂರಿನ ಬಸವನಗುಡಿಯಲ್ಲಿ, ಬೆಳೆದ ನನ್ನ ಅಕ್ಕನ ಮಗ ಗೆಳೆಯರನ್ನು ಊಟಕ್ಕೆ ಕರೆಯುವ ಮೊದಲು ಮೂರು ವಾರ ಮುಂಚೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕಳಿಸುತ್ತಾನೆ. ಊಟ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದೂ ಅದರಲ್ಲಿರುತ್ತದೆ.

ನಾನು ಊರಿಗೆ ಮರಳಿದ ವರ್ಷವೇ, 2024ರ ನವೆಂಬರ್‌ನಲ್ಲಿ, ಸಿಯಾಟಲ್ ಕಡೆ ಭಾರಿ ಬಿರುಗಾಳಿ ಎದ್ದಿತು. ಮರಗಳು ತಂತಿಗಳ ಮೇಲೆ ಬಿದ್ದು ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಯಿತು, ಬೆಲ್‌ವ್ಯೂ ಕಡೆ ಅದು ದಿನಗಟ್ಟಲೆ ಬರಲಿಲ್ಲ. ಎರಡನೆಯ ರಾತ್ರಿ ಹುಡುಗ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಒಂದು ಬುಟ್ಟಿ ಇತ್ತಂತೆ. ಒಳಗೆ ದೊಡ್ಡ ಫ್ಲಾಸ್ಕ್‌ನಲ್ಲಿ ಬಿಸಿ ಸೂಪು, ಮೇಲೆ ಮಾಂಸ ಹಾಕಿಲ್ಲವೆಂದು ಬರೆದ ಚೀಟಿ, ಬ್ಯಾಟರಿ ದೀಪ, ಅವನ ಮಗುವಿಗೆ ಉಣ್ಣೆಯ ಟೋಪಿ. ಯಾರೂ ಬೆಲ್ ಒತ್ತಿರಲಿಲ್ಲ. ಆಚೆ ರಸ್ತೆಯಲ್ಲಿ ನಾಯಿ ಹಿಡಿದುಕೊಂಡು ಬೇಗಬೇಗ ಹೋಗುತ್ತಿದ್ದ ಬೆನ್ನು ಮಾತ್ರ ಕಂಡಿತಂತೆ. ಚೀಟಿಯ ಹಿಂಬದಿಯಲ್ಲಿ ಇನ್ನೊಂದು ಸಾಲಿತ್ತು. ಅದನ್ನವನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ತೆಗೆದು ಕಳಿಸಿದ್ದ: ಕರೆಂಟ್ ಬಂದ ಮೇಲೆ ಒಂದು ಸಲ ಕಾಫಿಗೆ ಸೇರಲೇಬೇಕು.